ಗಿರಿ ಮೇಲಿನ ಟವರಿನಿಂದ ವಲಸೆ ಗಿಡುಗ ಎಣಿಸುತ್ತಿದ್ದೇವೆ, ದಿನಕ್ಕೆ ನಾಲ್ಕೈದೇ ಸಿಗುತ್ತಿವೆ. ಮುಂದುವರಿಸಬೇಕಾ?

ಎಸ್ಟೇಟ್ ರೈಟರ್, ಚಿಕ್ಕಮಗಳೂರು
ಅಕ್ಟೋಬರ್ 12, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾನು ಗಿರಿ ಸಾಲಿನ ಪೂರ್ವದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ತೋಟ ಮುಗಿದು ಬೋಳುಗುಡ್ಡ ಶುರುವಾಗುವ ಕಡೆ ನಮ್ಮ ಸಾಹುಕಾರರು ಒಂದು ಕಬ್ಬಿಣದ ಟವರ್ ನಿಲ್ಲಿಸಿದ್ದಾರೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಬೇಗ ಗೊತ್ತಾಗಲಿ ಅಂತ. ಮೇಲೆ ನಿಂತರೆ ಪಶ್ಚಿಮಕ್ಕೆ ಮುಳ್ಳಯ್ಯನಗಿರಿ, ಪೂರ್ವಕ್ಕೆ ಲಕ್ಯ, ಸಖರಾಯಪಟ್ಟಣದ ಬಯಲು. ಬೆಳಕು ಚೆನ್ನಾಗಿದ್ದರೆ ಅಯ್ಯನಕೆರೆ ತಗಡಿನ ಹಾಗೆ ಹೊಳೆಯುತ್ತದೆ.

ಮಹಾನವಮಿ ಮುಗಿದ ಮೇಲೆ ನಾನೂ ನಮ್ಮ ಮೇಸ್ತ್ರಿಯ ಮಗನೂ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಟವರ್ ಹತ್ತುತ್ತಿದ್ದೇವೆ. ಹುಡುಗ ಸೆಕೆಂಡ್ ಪಿಯುಸಿ. ಅವನ ಕಣ್ಣು ನನ್ನ ಬೈನಾಕ್ಯುಲರಿಗಿಂತ ಚೆನ್ನಾಗಿದೆ. ಇಲ್ಲಿಯವರೆಗಿನ ಲೆಕ್ಕ ಇಷ್ಟು:

ಅಕ್ಟೋಬರ್ 5: ಕೆಸ್ಟ್ರೆಲ್ 3, ಮಾರ್ಷ್ ಹ್ಯಾರಿಯರ್ 1.
ಅಕ್ಟೋಬರ್ 9: ಅರ್ಧ ದಿನ ಬಿಡುವಿತ್ತು, ಹತ್ತಿದೆವು. ಪೂರ್ತಿ ಮಂಜು. ಸೊನ್ನೆ.
ಅಕ್ಟೋಬರ್ 12: ಕೆಸ್ಟ್ರೆಲ್ 3, ಬೂಟೆಡ್ ಈಗಲ್ 1, ಜೇನುಗಿಡುಗ 2, ಯಾವುದೆಂದು ಗೊತ್ತಾಗದ್ದು 1.

ಹುಡುಗ ಫೋನಿನಲ್ಲಿ ಜಾರ್ಜಿಯಾ ದೇಶದ ಬಟುಮಿ ಅನ್ನುವ ಊರಿನ ವಿಡಿಯೋ ತೋರಿಸಿದ. ಆಕಾಶದ ತುಂಬ ಗಿಡುಗ, ನೊಣದ ಹಾಗೆ. ಒಂದೇ ಶರತ್ಕಾಲದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಅಂತೆ. ಅದನ್ನು ನೋಡಿದ ಮೇಲೆ ನಮ್ಮ ನೋಟ್‌ಬುಕ್ ನೋಡಿಕೊಂಡರೆ ಮನಸ್ಸು ಸಪ್ಪೆಯಾಗುತ್ತದೆ. ಗೊತ್ತಿದ್ದವರು ಹೇಳಿ. ಇಲ್ಲಿ ಕೂತು ಎಣಿಸಿದರೆ ಯಾರಿಗಾದರೂ ಉಪಯೋಗ ಇದೆಯಾ?

ಹೇಮಾವತಿ ದಡ, ಸಕಲೇಶಪುರ
ಅಕ್ಟೋಬರ್ 12, ರಾತ್ರಿ 10:05

ತಮ್ಮಾ, ಮೊದಲು ಒಂದು ಕೆಲಸ ಮಾಡಿ. 9ನೇ ತಾರೀಖಿನ ಸೊನ್ನೆಯನ್ನು ಹೊಡೆದು ಹಾಕಿ. ಅವತ್ತು ಹಕ್ಕಿ ಹೋಗಲಿಲ್ಲ ಅಂತ ನಿಮಗೆ ಗೊತ್ತಿಲ್ಲ. ನಿಮಗೆ ಕಾಣಲಿಲ್ಲ, ಅಷ್ಟೇ. ಆ ಜಾಗದಲ್ಲಿ "ಮಂಜು, ನೋಡಲಾಗಲಿಲ್ಲ" ಅಂತ ಬರೆಯಿರಿ. ಆಕಾಶ ತಿಳಿಯಾಗಿದ್ದು, ಐದು ಗಂಟೆ ಕಣ್ಣು ಬಿಟ್ಟು ನೋಡಿಯೂ ಒಂದೂ ಬರದಿದ್ದರೆ ಅದು ಸೊನ್ನೆ. ಇವೆರಡೂ ಬೇರೆ ಬೇರೆ. ಹತ್ತು ವರ್ಷ ಆದ ಮೇಲೆ ನಿಮ್ಮ ಪುಸ್ತಕ ನೋಡುವವರಿಗೆ ಈ ವ್ಯತ್ಯಾಸವೇ ಮುಖ್ಯ.

ಈಗ ಬಟುಮಿ ವಿಷಯ. ಅಲ್ಲಿ ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಕಾಕಸಸ್ ಬೆಟ್ಟ. ಅಗಲ ರೆಕ್ಕೆಯ ಗಿಡುಗಗಳು ರೆಕ್ಕೆ ಬಡಿದು ದಣಿಯುವುದಿಲ್ಲ. ಬಿಸಿಲಿಗೆ ನೆಲ ಕಾದು ಮೇಲೇಳುವ ಗಾಳಿಯಲ್ಲಿ ಸುತ್ತುತ್ತಾ ಏರುತ್ತವೆ, ಅಲ್ಲಿಂದ ಜಾರಿಕೊಂಡು ಮುಂದಿನ ಗಾಳಿಗೆ ಹೋಗುತ್ತವೆ. ನೀರಿನ ಮೇಲೆ ಆ ಗಾಳಿ ಸರಿಯಾಗಿ ಏಳುವುದಿಲ್ಲ. ಹಾಗಾಗಿ ಸಮುದ್ರ ತಪ್ಪಿಸಿ, ಬೆಟ್ಟ ತಪ್ಪಿಸಿ, ಎಲ್ಲವೂ ಆ ಸಣ್ಣ ಸಂದಿಯಲ್ಲೇ ನುಗ್ಗಬೇಕು. ನಮ್ಮ ಕಡೆ ಅಂಥ ಸಂದಿ ಇಲ್ಲ. ಉತ್ತರದಿಂದ ಬಂದವು ಇಡೀ ದಖ್ಖನ್ ಬಯಲಿನ ಮೇಲೆ ಹರಡಿಕೊಂಡು ಬರುತ್ತವೆ. ಎಷ್ಟೋ ಹಕ್ಕಿಗಳಿಗೆ ನಮ್ಮ ಬಯಲೇ ಕೊನೆಯ ನಿಲ್ದಾಣ, ಚಳಿಗಾಲ ಪೂರ್ತಿ ಇಲ್ಲೇ ಇರುತ್ತವೆ. ಐದು ಗಂಟೆಯಲ್ಲಿ ಏಳು ಸಿಕ್ಕಿದ್ದರೆ ಅದು ಕಡಿಮೆ ಅಲ್ಲ ಬಿಡಿ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಅಂತ ಒಂದು ಗುಡ್ಡ ಇದೆ. ಜನ ಭಾನುವಾರ ಬಂದೂಕು ಹಿಡಿದು ಬಂದು, ಹಾದುಹೋಗುವ ಗಿಡುಗಗಳನ್ನು ಸುಮ್ನೆ ಹೊಡೆದು ಉರುಳಿಸುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಅನ್ನುವ ಹೆಂಗಸು ಆ ಗುಡ್ಡವನ್ನೇ ಗುತ್ತಿಗೆಗೆ ತೆಗೆದುಕೊಂಡು ಬೇಟೆ ನಿಲ್ಲಿಸಿದರು. ಅದೇ ವರ್ಷದಿಂದ ಅಲ್ಲಿ ಎಣಿಕೆ ನಡೆಯುತ್ತಿದೆ. ಬಟುಮಿಯ ಮುಂದೆ ಅವರ ಸಂಖ್ಯೆ ಏನೂ ಅಲ್ಲ. ಆದರೆ ಬಾಲ್ಡ್ ಈಗಲ್‌ಗಳಲ್ಲಿ ಎಳೆಯ ಹಕ್ಕಿಗಳು ಕಡಿಮೆಯಾಗುತ್ತಿವೆ ಅಂತ ಆ ಗುಡ್ಡದ ಪುಸ್ತಕದಲ್ಲಿ ಕಂಡಿತು. ಡಿಡಿಟಿಯಿಂದ ಮೊಟ್ಟೆ ಹಾಳಾಗುತ್ತಿದೆ ಅನ್ನುವ ವಾದಕ್ಕೆ ಆ ಲೆಕ್ಕ ಸಾಕ್ಷಿಯಾಯಿತು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ಅದೇ ಗುಡ್ಡ, ಅದೇ ರೀತಿ, ವರ್ಷಾನುವರ್ಷ ಕೂತದ್ದರಿಂದ ಆದದ್ದು ಅದು. ನೀವು ಎಷ್ಟು ಹಕ್ಕಿ ಕಂಡಿರಿ ಅನ್ನುವುದಕ್ಕಿಂತ ಹೇಗೆ ಕೂತಿರಿ ಅನ್ನುವುದು ದೊಡ್ಡದು.

ಫೋಟೋ ಹುಚ್ಚು, ಹಾಸನ
ಅಕ್ಟೋಬರ್ 13, ಬೆಳಿಗ್ಗೆ 7:15

ಅಕ್ಕಾ, ಸೂಪರ್ ಮಾಹಿತಿ. ನಿನ್ನೆ ನಾವು ನಾಲ್ಕು ಜನ ಕಾಲೇಜಿನಿಂದ ಮಂಜರಾಬಾದ್ ಕೋಟೆಗೆ ಹೋಗಿದ್ದೆವು. ಗೋಡೆ ಮೇಲೆ ಕೂತು ಕರಿಹದ್ದು ಎಣಿಸಿದೆವು. ನನಗೆ 31 ಬಂತು, ಫ್ರೆಂಡಿಗೆ 19. ಇಬ್ಬರೂ ಒಂದೇ ಗುಂಪನ್ನು ನೋಡುತ್ತಿದ್ದೆವು. ಯಾರದು ಸರಿ?

ಹೇಮಾವತಿ ದಡ, ಸಕಲೇಶಪುರ
ಅಕ್ಟೋಬರ್ 13, ಮಧ್ಯಾಹ್ನ 1:30

ಇಬ್ಬರದೂ ಸರಿ ಇಲ್ಲ ಕಣೋ. ಬೇಜಾರು ಮಾಡ್ಕೋಬೇಡ, ನಾನೂ ಮೊದಲು ಹೀಗೇ ಮಾಡಿದ್ದೆ. ಸುತ್ತುತ್ತಿರುವಾಗ ಎಣಿಸಬಾರದು. ಒಂದೇ ಹದ್ದು ನಿನ್ನ ಕಣ್ಣ ಮುಂದೆ ಮೂರು ಸಲ ಬರುತ್ತದೆ. ಮೇಲೆ ಏರಿದ ಮೇಲೆ ಒಂದು ದಿಕ್ಕು ಹಿಡಿದು ಸಾಲಾಗಿ ಜಾರಿಕೊಂಡು ಹೊರಡುತ್ತವಲ್ಲ, ಆಗ ಎಣಿಸು. ಆಕಾಶದಲ್ಲಿ ಒಂದು ಗೆರೆ ಇಟ್ಟುಕೋ. ಒಂದು ಮರದ ತುದಿ, ಒಂದು ಮೊಬೈಲ್ ಟವರ್, ಏನಾದರೂ. ಆ ಗೆರೆ ದಾಟಿದ್ದು ಮಾತ್ರ ಲೆಕ್ಕ. ವಾಪಸ್ ದಾಟಿದರೆ ಕಳೆ.

ಇನ್ನೊಂದು. ಕೋಟೆ ಹತ್ತಿರ ಊರಿದೆ. ಅಲ್ಲಿ ಇಡೀ ದಿನ ಸುತ್ತುವ ಹದ್ದುಗಳಲ್ಲಿ ಜಾಸ್ತಿ ಊರಿನವೇ. ಕಸ, ಮೀನಿನ ಮಾರ್ಕೆಟ್ಟು, ಅವುಗಳ ಅಡುಗೆಮನೆ ಅಲ್ಲೇ. ದಿಕ್ಕು ಹಿಡಿದು ಹೋಗದಿದ್ದರೆ ವಲಸೆ ಕಾಲಂಗೆ ಹಾಕಬೇಡ.

ರೈಟರ್ ತಮ್ಮಾ, ನಿಮಗೂ ಎರಡು ಮಾತು. ಬರೀ ನೀಲಿ ಆಕಾಶದಲ್ಲಿ ಎತ್ತರದ ಹಕ್ಕಿ ಕರಗಿಹೋಗುತ್ತದೆ. ಬಿಳಿ ಮೋಡ ಇದ್ದರೆ ಅದರ ಅಂಚಿನುದ್ದಕ್ಕೂ ಬೈನಾಕ್ಯುಲರ್ ಓಡಿಸಿ, ಕಪ್ಪು ಚುಕ್ಕೆ ಸಿಗುತ್ತದೆ. ಗಂಟೆಗೊಂದು ಸಾಲು ಬರೆಯಿರಿ. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು, ಎಷ್ಟು ಜನ ನೋಡುತ್ತಿದ್ದಿರಿ, ಎಲ್ಲ ಇರಲಿ. ಮಧ್ಯೆ ಊಟಕ್ಕೆ ಅರ್ಧ ಗಂಟೆ ಇಳಿದರೆ ಅದನ್ನೂ ಬರೆಯಿರಿ. "ಗೊತ್ತಾಗದ್ದು 1" ಅಂತ ಬರೆದಿದ್ದೀರಲ್ಲ, ನನಗೆ ನಿಮ್ಮ ಮೇಲೆ ನಂಬಿಕೆ ಬಂದದ್ದೇ ಅದರಿಂದ.

ತೋಟದ ಹಿರಿಯರು, ಮೂಡಿಗೆರೆ
ಅಕ್ಟೋಬರ್ 14, ಸಂಜೆ 6:20

ಓದಿ ಸಂತೋಷವಾಯಿತು. ನಮ್ಮ ಅಜ್ಜಿಗೆ ಈ ಇಂಗ್ಲಿಷ್ ಹೆಸರು ಒಂದೂ ಗೊತ್ತಿರಲಿಲ್ಲ. ಆದರೆ ಹಸ್ತೆ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ "ಮೇಲಿನ ಗಿಡುಗ ಬಂತು, ಕೋಳಿಮರಿ ಪಂಜರಕ್ಕೆ ಹಾಕ್ರೋ" ಅನ್ನುತ್ತಿದ್ದರು. ಅವರ ಲೆಕ್ಕಕ್ಕೂ ನಿಮ್ಮ ತಾರೀಖಿಗೂ ಸರಿಹೋಗುತ್ತದೆ ನೋಡಿ.

ಒಂದು ಅನುಮಾನ ಇದೆ. ರೈಟರ್ ಅವರೇ, ನಿಮ್ಮ ಕೆಸ್ಟ್ರೆಲ್ ಎರಡೂ ಭಾನುವಾರ ಮೂರೇ. ಅವೇ ಮೂರು ಅಲ್ವಾ ಅವು? ಗಿರಿ ಹುಲ್ಲುಗುಡ್ಡದ ಮೇಲೆ ಕೆಸ್ಟ್ರೆಲ್ ಬಂದು ಚಳಿಗಾಲ ಪೂರ್ತಿ ಠಿಕಾಣಿ ಹೂಡುತ್ತದೆ. ಘಟ್ಟದಲ್ಲೇ ಮರಿ ಮಾಡುವ ಕೆಸ್ಟ್ರೆಲ್ಲೂ ಇವೆ. ಜೇನುಗಿಡುಗವೂ ಅಷ್ಟೇ, ನಮ್ಮ ತೋಟದಲ್ಲಿ ವರ್ಷವಿಡೀ ಇದೆ, ಹೆಜ್ಜೇನು ತಟ್ಟಿ ಕಿತ್ತು ತಿನ್ನುವುದನ್ನು ನಾನೇ ನೋಡಿದ್ದೇನೆ. ಅದರಲ್ಲಿ ಯಾವುದು ಉತ್ತರದಿಂದ ಬಂದದ್ದು, ಯಾವುದು ನಮ್ಮದು ಅಂತ ಹೇಗೆ ಹೇಳುತ್ತೀರಿ?

ಎಸ್ಟೇಟ್ ರೈಟರ್, ಚಿಕ್ಕಮಗಳೂರು
ಅಕ್ಟೋಬರ್ 19, ರಾತ್ರಿ 9:00

ಹಿರಿಯರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಇವತ್ತು ಅದನ್ನೇ ನೋಡೋಣ ಅಂತ ಹತ್ತಿದೆವು. ಇಡೀ ಬೆಳಿಗ್ಗೆ ಕೆಸ್ಟ್ರೆಲ್ ಮೇಲೆ ಒಂದು ಕಣ್ಣು ಇಟ್ಟೆವು. ಮೂರೂ ಅದೇ ಇಳಿಜಾರಿನಲ್ಲಿ ಗಾಳಿಗೆ ಮುಖ ಮಾಡಿ, ನಿಂತಲ್ಲೇ ರೆಕ್ಕೆ ಬಡಿಯುತ್ತಾ, ಹುಲ್ಲಿಗೆ ಬೀಳುತ್ತಾ ಇದ್ದವು. ಯಾವುದೂ ಹೊರಡಲಿಲ್ಲ.

ಅಷ್ಟೇ ಅಲ್ಲ, ಅದರಲ್ಲೊಂದು ರಾತ್ರಿ ನಮ್ಮ ಟವರ್ ಮೇಲೇ ಮಲಗುತ್ತದೆ ಅಂತ ಕಾಣುತ್ತದೆ. ಕೈ ಹಿಡಿಯುವ ಕಂಬಿಯ ಕೆಳಗೆ ಹಲಗೆ ಮೇಲೆ ಹೆಬ್ಬೆರಳಿನ ತುದಿಯಷ್ಟು ಉದ್ದದ ಬೂದು ಉಂಡೆಗಳು ಬಿದ್ದಿದ್ದವು. ಇಲಿ ಹಿಕ್ಕೆ ಅಂದುಕೊಂಡು ಹುಡುಗ ಒದೆಯಲು ಹೋದ. ತಡಿ ಅಂತ ಒಂದನ್ನು ನೀರಲ್ಲಿ ನೆನೆಸಿ ಬಿಡಿಸಿದೆವು. ಒಳಗೆ ಮಿಡತೆಯ ಹಿಂಗಾಲು, ಗರಗಸದ ಹಾಗೆ ಮುಳ್ಳಿರುವುದು, ಒಂಬತ್ತು. ಜೀರುಂಡೆಯ ಹಸಿರು ಹೊಳೆಯುವ ಚಿಪ್ಪು. ಚೂರು ಕೂದಲು, ಒಂದು ಸಣ್ಣ ಹಲ್ಲು, ಹುಲ್ಲಿಲಿಯದು ಇರಬೇಕು. ತಿಂದು ಅರಗದ್ದನ್ನು ಹಕ್ಕಿ ಉಂಡೆ ಮಾಡಿ ಉಗುಳಿದೆ. ಅವನ್ನೆಲ್ಲ ಬೆಂಕಿಪೊಟ್ಟಣದಲ್ಲಿ ಇಟ್ಟು ತಾರೀಖು ಬರೆದಿದ್ದೇವೆ.

ಈಗ ಪುಸ್ತಕದಲ್ಲಿ ಎರಡು ಕಾಲಂ. "ಹೋದವು" ಒಂದು, "ಇಲ್ಲೇ ಇರುವವು" ಇನ್ನೊಂದು. ಹಳೇ ಕೆಸ್ಟ್ರೆಲ್ ಆರನ್ನೂ, ಜೇನುಗಿಡುಗ ಎರಡನ್ನೂ ಹೋದವುಗಳ ಲೆಕ್ಕದಿಂದ ತೆಗೆದೆ. ನಿಜ ಹೇಳಬೇಕಂದರೆ ಅವನ್ನು ಹೊಡೆಯುವಾಗ ಕೈ ಬರಲಿಲ್ಲ. ಇವತ್ತಿನ "ಹೋದವು": ಮಾರ್ಷ್ ಹ್ಯಾರಿಯರ್ 1, ಬೂಟೆಡ್ ಈಗಲ್ 1. ಈಗಲ್ ಎದುರಿಗೇ ಬಂತು, ಕತ್ತಿನ ಎರಡೂ ಪಕ್ಕ ರೆಕ್ಕೆ ಶುರುವಾಗುವಲ್ಲಿ ಬಿಳಿ ಚುಕ್ಕೆ, ಬಸ್ಸಿನ ಹೆಡ್‌ಲೈಟ್ ಹಾಗೆ. ತಪ್ಪಾಗಲು ಸಾಧ್ಯವೇ ಇಲ್ಲ.

ಎಣಿಸಲು ಕೌಂಟರ್ ಎಲ್ಲಿ ಸಿಗುತ್ತದೆ ಅಂತ ಒಬ್ಬರು ಮೆಸೇಜ್ ಮಾಡಿ ಕೇಳಿದ್ದರು. ದೇವಸ್ಥಾನದ ಮುಂದೆ ಜಪಕ್ಕೆ ಬೆರಳಿಗೆ ಹಾಕಿಕೊಳ್ಳುವ ಕೌಂಟರ್ ಮಾರುತ್ತಾರಲ್ಲ, ಅದೇ ಸಾಕು. ನಾಳೆ ದೇವೀರಮ್ಮನ ಬೆಟ್ಟ ಹತ್ತುತ್ತೇವೆ, ಅಲ್ಲಿ ಇನ್ನೊಂದು ತರುತ್ತೇನೆ.

ಬಯಲುಸೀಮೆ ಮೇಷ್ಟ್ರು, ಕಡೂರು
ಅಕ್ಟೋಬರ್ 21, ಬೆಳಿಗ್ಗೆ 11:10

ದೀಪಾವಳಿ ಶುಭಾಶಯಗಳು. ನಾನು ಹ್ಯಾರಿಯರ್ ಹಿಂದೆ ಬಿದ್ದವನು. ಕನ್ನಡ ಪುಸ್ತಕಗಳಲ್ಲಿ ಸೆಳೆವ ಅನ್ನುತ್ತಾರೆ. ಗಿರಿಯಿಂದ ಪೂರ್ವಕ್ಕೆ ಇಳಿದರೆ ನಮ್ಮ ಹುಲ್ಲುಗಾವಲು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಬಿಟ್ಟ ಕಾವಲುಗಳು. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಕ್ಕಾಗಿ ಸಂರಕ್ಷಿತ ಪ್ರದೇಶ ಮಾಡಿದರು. ಉಳಿದವು ಎಷ್ಟೋ ಕರಗಿಹೋದವು. ಕೆಲವನ್ನು "ಖಾಲಿ ಜಾಗ" ಅಂತ ಗಿಡ ನೆಟ್ಟು ಹಾಳುಮಾಡಿದರು. ಹ್ಯಾರಿಯರ್ ಮರದ ಮೇಲೆ ಮಲಗುವ ಹಕ್ಕಿ ಅಲ್ಲ. ಮೊಣಕಾಲೆತ್ತರದ ಹುಲ್ಲಿನಲ್ಲಿ, ನೆಲದ ಮೇಲೆ, ಗುಂಪಾಗಿ ರಾತ್ರಿ ಕಳೆಯುತ್ತದೆ. ಹುಲ್ಲು ಹೋದರೆ ಅದಕ್ಕೆ ಮನೆಯೇ ಹೋದಂತೆ. ಗುಜರಾತಿನ ವೆಲಾವದರ್‌ನಲ್ಲಿ ಹೀಗೆ ನೂರಾರು ಒಟ್ಟಿಗೆ ಮಲಗುತ್ತವೆ. ನಮ್ಮಲ್ಲಿ ಒಂದು ಕೈ, ಎರಡು ಕೈ ಬೆರಳಲ್ಲಿ ಮುಗಿಯುತ್ತದೆ.

ಗುರುತಿಸುವುದರಲ್ಲಿ ಅವಸರ ಬೇಡ. ಹ್ಯಾರಿಯರ್‌ಗಳಲ್ಲಿ ಮಾರ್ಷ್ ದೊಡ್ಡದು, ಸುಲಭ. ಮೊಂಟಾಗು ಗಂಡು ಬೂದು, ರೆಕ್ಕೆಯ ಮೇಲೆ ಅಡ್ಡ ಕಪ್ಪು ಪಟ್ಟಿ. ಪ್ಯಾಲಿಡ್ ಗಂಡು ಇನ್ನೂ ಬಿಳಿಚು, ರೆಕ್ಕೆ ತುದಿಯಲ್ಲಿ ಮಾತ್ರ ಕಪ್ಪು. ಆದರೆ ಎರಡರ ಹೆಣ್ಣೂ ಮರಿಯೂ ಕಂದು, ಬಾಲದ ಬುಡದಲ್ಲಿ ಬಿಳಿ. ದೂರದಿಂದ ಹೇಳಲಾಗುವುದಿಲ್ಲ. ಇಪ್ಪತ್ತು ವರ್ಷ ನೋಡಿದವನು ಹೇಳುತ್ತಿದ್ದೇನೆ, "ಮೊಂಟಾಗು ಅಥವಾ ಪ್ಯಾಲಿಡ್" ಅಂತಲೇ ಬರೆಯಿರಿ.

ಒಂದು ನೋವಿನ ವಿಷಯ. ಮೂರು ವರ್ಷದ ಹಿಂದೆ ಅವು ಮಲಗುವ ಜಾಗವನ್ನು ನಂಬಿಕೆ ಮೇಲೆ ಒಬ್ಬರಿಗೆ ತೋರಿಸಿದೆ. ಅವರು ಲೊಕೇಶನ್ ಹಂಚಿದರು. ಮುಂದಿನ ಶನಿವಾರ ಕತ್ತಲಾದ ಮೇಲೆ ಎರಡು ಕಾರು ಹುಲ್ಲಿನ ಒಳಗೇ ಬಂದವು, ಹೆಡ್‌ಲೈಟ್ ಹಾಕಿಕೊಂಡು. ಹಕ್ಕಿಗಳು ಕತ್ತಲಲ್ಲೇ ಎದ್ದು ಚದುರಿದವು. ಆ ಚಳಿಗಾಲ ಮತ್ತೆ ಅಲ್ಲಿಗೆ ಬರಲೇ ಇಲ್ಲ. ಟವರ್ ಜಾಗ ಹೇಳಿ, ತೊಂದರೆ ಇಲ್ಲ. ಮಲಗುವ ಜಾಗ ದಯವಿಟ್ಟು ಇಲ್ಲಿ ಯಾರೂ ಬರೆಯಬೇಡಿ. ಹಕ್ಕಿ ಲೆಕ್ಕ ಹಾಕುವ ವೆಬ್‌ಸೈಟ್ ಈ-ಬರ್ಡ್‌ನಲ್ಲಿ ಹಾಕುವಾಗಲೂ ಯೋಚನೆ ಮಾಡಿ.

ರಾಗಿ ಹೊಲ, ಅರಸೀಕೆರೆ
ಅಕ್ಟೋಬರ್ 22, ರಾತ್ರಿ 8:00

ಮೇಷ್ಟ್ರೇ, ನಾನು ಹಕ್ಕಿ ನೋಡೋನಲ್ಲ, ಬೇಸಾಯದವನು. ನೀವು ಹೇಳುವ ಕಂದು ಹಕ್ಕಿ, ಬಾಲದ ಬುಡ ಬಿಳಿ, ನಮ್ಮ ರಾಗಿ ಹೊಲದ ಮೇಲೆ ಆಳೆತ್ತರದಲ್ಲಿ ತೇಲಿಕೊಂಡು ಹೋಗುತ್ತದೆ. ನಾನು ಇಷ್ಟು ದಿನ ಕೋಳಿಮರಿಗೆ ಬಂದಿದೆ ಅಂತ ಕವಣೆ ಕಲ್ಲು ಬೀಸುತ್ತಿದ್ದೆ. ಅದು ನಿಜಕ್ಕೂ ಏನು ತಿನ್ನುತ್ತದೆ?

ಬಯಲುಸೀಮೆ ಮೇಷ್ಟ್ರು, ಕಡೂರು
ಅಕ್ಟೋಬರ್ 22, ರಾತ್ರಿ 9:25

ಅಣ್ಣಾ, ಕೇಳಿದ್ದು ಒಳ್ಳೆಯದಾಯಿತು. ಮಿಡತೆ ಅದಕ್ಕೆ ಬಲು ಇಷ್ಟ. ಜೊತೆಗೆ ಇಲಿ, ಓತಿಕೇತ, ನೆಲದ ಸಣ್ಣ ಹಕ್ಕಿ. ನಿಮ್ಮ ರಾಗಿಯ ಮಿಡತೆ ಹಿಡಿಯಲು ಅದು ಕಜಾಕ್‌ಸ್ತಾನ್, ರಷ್ಯಾದ ಹುಲ್ಲುಬಯಲಿನಿಂದ ಬಂದಿದೆ. ಕೋಳಿಮರಿ ಕದಿಯುವುದು ಬಹುಪಾಲು ಊರ ಹದ್ದು, ಇಲ್ಲ ಶಿಕ್ರಾ. ಕಲ್ಲು ಬೇಡ. ವಿಷ ಹೊಡೆಯುವಾಗಲೂ ಒಂದು ಮಾತು ನೆನಪಿರಲಿ. 1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆ ಮೊನೊಕ್ರೊಟೊಫಾಸ್ ಹೊಡೆದರು. ಆ ಮಿಡತೆ ತಿಂದು ಸ್ವೇನ್ಸನ್ಸ್ ಹಾಕ್ ಅನ್ನುವ ವಲಸೆ ಗಿಡುಗಗಳು ಸಾವಿರಾರು ಸತ್ತವು. ಆ ವಿಷದ ಹೆಸರು ನಿಮಗೂ ಗೊತ್ತು, ನನಗೂ ಗೊತ್ತು.

ರಾಗಿ ಹೊಲ, ಅರಸೀಕೆರೆ
ಅಕ್ಟೋಬರ್ 23, ಬೆಳಿಗ್ಗೆ 6:30

ಗೊತ್ತು ಮೇಷ್ಟ್ರೇ. ಕಲ್ಲು ಬಿಟ್ಟೆ. ಇವತ್ತಿನಿಂದ ನಾನೂ ಬರೆದಿಡುತ್ತೇನೆ, ಯಾವತ್ತು ಬಂತು, ಎಷ್ಟು ಬಂತು ಅಂತ. ಓದು ಕಡಿಮೆ, ಆದರೆ ಲೆಕ್ಕ ಬರುತ್ತದೆ.

ಫೋಟೋ ಹುಚ್ಚು, ಹಾಸನ
ನವೆಂಬರ್ 2, ಸಂಜೆ 5:00

ಅಮುರ್ ಫಾಲ್ಕನ್ ಸಿಕ್ಕಿತು!! ಹಾಸನ ಹೊರಗೆ ಕರೆಂಟ್ ತಂತಿ ಮೇಲೆ. ಫೋಟೋ ಹಾಕಿದ್ದೇನೆ ನೋಡಿ. ಸೈಬೀರಿಯಾದಿಂದ ಆಫ್ರಿಕಾಕ್ಕೆ ಹೋಗುವ ಹಕ್ಕಿ ನಮ್ಮೂರಲ್ಲಿ!

ಹೇಮಾವತಿ ದಡ, ಸಕಲೇಶಪುರ
ನವೆಂಬರ್ 2, ಸಂಜೆ 7:40

ನಿನ್ನ ಖುಷಿ ನೋಡಿ ಹೌದು ಅನ್ನೋಣ ಅನಿಸಿತು. ಆದರೆ ಕಾಲು ನೋಡು, ಹಳದಿ. ಅಮುರ್ ಕಾಲು ಕಿತ್ತಳೆಗೆಂಪು. ಬೆನ್ನು ಇಟ್ಟಿಗೆ ಬಣ್ಣ, ಕಪ್ಪು ಅಡ್ಡಗೆರೆ. ಇದು ಕೆಸ್ಟ್ರೆಲ್ ಹೆಣ್ಣು.

ಅಮುರ್ ಬರುವ ಹೊತ್ತು ಇನ್ನೇನು ಶುರುವಾಗುತ್ತದೆ. ಈಗ ಅವು ನಾಗಾಲ್ಯಾಂಡ್ ಕಡೆ ಗೆದ್ದಲು ತಿಂದು ಮೈ ತುಂಬಿಕೊಳ್ಳುತ್ತಿರುತ್ತವೆ. ದೊಯಾಂಗ್ ಜಲಾಶಯದ ಹತ್ತಿರ 2012ರಲ್ಲಿ ಬಲೆ ಹಾಕಿ ಸಾವಿರಗಟ್ಟಲೆ ಹಿಡಿದು ಕೊಲ್ಲುತ್ತಿದ್ದದ್ದು ಬೆಳಕಿಗೆ ಬಂತು. ಮರುವರ್ಷ ಅದೇ ಪಾಂಗ್ತಿ ಊರಿನವರು ಬಲೆ ಬಿಟ್ಟು ಕಾವಲಿಗೆ ನಿಂತರು. 2013ರಲ್ಲಿ ಅಲ್ಲಿ ಮೂರು ಹಕ್ಕಿಗೆ ಸ್ಯಾಟಲೈಟ್ ಟ್ಯಾಗ್ ಹಾಕಿದರು. ಅವು ನಮ್ಮ ದಕ್ಷಿಣದ ನೆಲ ದಾಟಿ, ಅರಬ್ಬೀ ಸಮುದ್ರವನ್ನು ಎಲ್ಲೂ ನಿಲ್ಲದೆ ಹಾದು ಆಫ್ರಿಕಾ ಸೇರಿದವು. ಸುಮಾರು 150 ಗ್ರಾಂ ತೂಗುವ ಹಕ್ಕಿ. ಅದೇ ಕಾಲಕ್ಕೆ ಏರೋಪ್ಲೇನ್ ಚಿಟ್ಟೆಗಳೂ ಸಮುದ್ರ ದಾಟುತ್ತವೆ, ದಾರಿಯಲ್ಲಿ ಅವೇ ಬುತ್ತಿ ಇರಬಹುದು ಅನ್ನುತ್ತಾರೆ. ಹೊಲದ ಮೇಲೆ ಏರೋಪ್ಲೇನ್ ಚಿಟ್ಟೆ ಮೋಡದ ಹಾಗೆ ಎದ್ದ ದಿನ ತಂತಿ ಬಿಟ್ಟು ಮೇಲೆ ನೋಡು.

ಫೋಟೋ ಹುಚ್ಚು, ಹಾಸನ
ನವೆಂಬರ್ 2, ರಾತ್ರಿ 8:15

ಈ-ಬರ್ಡ್‌ನಲ್ಲಿ ತಿದ್ದಿದೆ ಅಕ್ಕಾ. ಇನ್ನು ಮೇಲೆ ಮೊದಲು ಕಾಲು ನೋಡುತ್ತೇನೆ.

ಎಸ್ಟೇಟ್ ರೈಟರ್, ಚಿಕ್ಕಮಗಳೂರು
ನವೆಂಬರ್ 9, ರಾತ್ರಿ 8:30

ಮೇಷ್ಟ್ರೂ ನಾನೂ ಫೋನಲ್ಲಿ ಮಾತಾಡಿಕೊಂಡು ಇವತ್ತು ಒಂದೇ ದಿನ ಎರಡೂ ಕಡೆ ಎಣಿಸಿದೆವು. ಹಗಲು ನಮ್ಮ ಟವರ್, ಸಂಜೆ ಅವರ ಹುಲ್ಲುಗಾವಲು.

ಬೆಳಿಗ್ಗೆ 9ರಿಂದ 10, ಮಂಜು, ನೋಡಲಾಗಲಿಲ್ಲ. 10ರಿಂದ 11, ತಿಳಿ, ಸೊನ್ನೆ. ಈ ಸೊನ್ನೆ ಬರೆಯುವಾಗ ಹುಡುಗ "ಅಣ್ಣಾ, ಇದು ನಿಜವಾದ ಸೊನ್ನೆ" ಅಂದ. 11 ಆದ ಮೇಲೆ ಈಶಾನ್ಯದ ಗಾಳಿ ಎದ್ದಿತು, ಗುಡ್ಡದ ಏಣಿನ ಮೇಲೆ ಹಕ್ಕಿ ಏರಲು ಶುರುವಾಯಿತು. ಹೋದವು: ಮಾರ್ಷ್ ಹ್ಯಾರಿಯರ್ 2, ಮೊಂಟಾಗು ಅಥವಾ ಪ್ಯಾಲಿಡ್ 4, ಬೂಟೆಡ್ ಈಗಲ್ 1, ಗೊತ್ತಾಗದ್ದು 2. ಇಲ್ಲೇ ಇರುವವು: ಕೆಸ್ಟ್ರೆಲ್ 3.

12:40ಕ್ಕೆ ಬಂದ ಕಂದು ಹ್ಯಾರಿಯರ್ ಟವರಿಗಿಂತ ಕೆಳಗೆ, ನಮ್ಮ ಕಾಲಡಿಯಲ್ಲೇ ಹಾದುಹೋಯಿತು. ಮುಖದ ಕೆನ್ನೆಯ ಕಪ್ಪು ಗುರುತೂ ಕಂಡಿತು. ಎಡ ರೆಕ್ಕೆಯ ಮಧ್ಯದಲ್ಲಿ ಒಂದು ಗರಿ ಇರಲಿಲ್ಲ, ಬಾಚಣಿಗೆಯಲ್ಲಿ ಒಂದು ಹಲ್ಲು ಮುರಿದ ಹಾಗೆ. ಪೂರ್ವಕ್ಕೆ ತಿರುಗಿ ಬಯಲಿಗೆ ಇಳಿಯಿತು.

ಬಯಲುಸೀಮೆ ಮೇಷ್ಟ್ರು, ಕಡೂರು
ನವೆಂಬರ್ 9, ರಾತ್ರಿ 9:10

ಸಂಜೆ 5ರಿಂದ ದೂರದ ಬದುವಿನ ಮೇಲೆ ಕೂತಿದ್ದೆ. ಹುಲ್ಲಿಗೆ ಇಳಿದವು ಒಟ್ಟು 11. ಮಾರ್ಷ್ 3, ಮೊಂಟಾಗು ಗಂಡು 1, ಉಳಿದ 7 ಕಂದು. ಕೊನೆಯದು ಇಳಿದಾಗ ನನಗೆ ಪೆನ್ಸಿಲ್ ತುದಿ ಕಾಣುತ್ತಿರಲಿಲ್ಲ.

ನಿಮ್ಮ ಪೋಸ್ಟ್ ಓದುವ ಮೊದಲೇ ನನ್ನ ಪುಸ್ತಕದಲ್ಲಿ ಹೀಗೆ ಬರೆದಿದ್ದೆ: "5:50, ಕಂದು, ಪಶ್ಚಿಮದಿಂದ, ಎಡ ರೆಕ್ಕೆಯಲ್ಲಿ ಸಂದು." ಓದಿದಾಗ ಮೈ ಜುಂ ಅಂದಿತು. ಆದರೂ ಒಂದೇ ಹಕ್ಕಿ ಅಂತ ಬರೆಯಬೇಡಿ. ಗರಿ ಉದುರಿದ ಹ್ಯಾರಿಯರ್ ಎಷ್ಟೋ ಇರುತ್ತವೆ.

ಎಸ್ಟೇಟ್ ರೈಟರ್, ಚಿಕ್ಕಮಗಳೂರು
ನವೆಂಬರ್ 9, ರಾತ್ರಿ 9:30

ಬರೆದಿಲ್ಲ ಮೇಷ್ಟ್ರೇ. ಸಮಯ, ದಿಕ್ಕು, ಎಡ ರೆಕ್ಕೆ, ಇಷ್ಟೇ ಇದೆ. ಹುಡುಗ ಪಕ್ಕದಲ್ಲಿ ಆ ರೆಕ್ಕೆಯ ಚಿತ್ರ ಬಿಡಿಸಿದ್ದಾನೆ. ಎಣಿಸಿ ನೋಡಿದೆ, ಇಲ್ಲದ ಗರಿಯ ಜಾಗವನ್ನು ಸರಿಯಾಗಿ ಖಾಲಿ ಬಿಟ್ಟಿದ್ದಾನೆ.

ಇನ್ನು ಹಣ್ಣು ಕುಯ್ಲು ಶುರುವಾಗುತ್ತದೆ, ನನಗೆ ಭಾನುವಾರವೂ ಬಿಡುವು ಕಷ್ಟ. 16ಕ್ಕೆ ಹುಡುಗನ ಜೊತೆ ಟವರಿನಲ್ಲಿ ಕೂರಲು ಒಬ್ಬರು ಬೇಕು. 9ರಿಂದ 2. ಕಾಫಿ, ತಿಂಡಿ ನಮ್ಮ ಮನೆಯಿಂದ ಬರುತ್ತದೆ.

ಫೋಟೋ ಹುಚ್ಚು, ಹಾಸನ
ನವೆಂಬರ್ 9, ರಾತ್ರಿ 9:32

ಅಣ್ಣಾ ನಾನು ಬರುತ್ತೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ.